ಕಾಣದ ಕೂಸಿಗೆ ಎದೆಹಾಲು



ಇಂದು ಮಾತೆ ಮರಿಯಮ್ಮನವರ ಜನನೋತ್ಸವ. ಒಂದು ಹೆಣ್ಣುಕೂಸು ಹುಟ್ಟಿತೆಂದು ನಾವೆಲ್ಲ ಹೂವು ಏರಿಸಿ, ಹಾಡಿ ಸಂಭ್ರಮಿಸುವ ದಿನ. ಆ ಕೂಸಿಗೆ ಹಾಲೂಡಿಸಿದ ಅನ್ನಮ್ಮನವರನ್ನೂ ನೆನೆಯೋಣ. ಜೊತೆಗೆ, ಹಾಲು ಸಿಗದ ಕೂಸುಗಳ ವಿಷಯವನ್ನೂ ಸ್ವಲ್ಪ ಮಾತಾಡೋಣ.

ಜಿಡಗಾದಂಥ ಊರಿನಲ್ಲಿ ಏಳು ತಿಂಗಳಿಗೇ ಹೆರಿಗೆಯಾದರೆ ಏನಾಗುತ್ತದೆ? ಕೂಸನ್ನು ಆಳಂದಕ್ಕೋ ಕಲಬುರಗಿಗೋ ಒಯ್ಯುತ್ತಾರೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ತಾಯಿ ಬೇರೆಲ್ಲೋ ನಿತ್ರಾಣಳಾಗಿ ಮಲಗಿರುತ್ತಾಳೆ. ಹಾಲು ಇನ್ನೂ ಇಳಿದಿರುವುದಿಲ್ಲ. ಹಿರಿಯರು ಆಡಿನ ಹಾಲು, ಜೇನುತುಪ್ಪ, ಸಕ್ಕರೆ ನೀರು ಎಂದು ಓಡಾಡುತ್ತಾರೆ. ಪ್ರೀತಿಯಿಂದಲೇ ಓಡಾಡುತ್ತಾರೆ. ಆದರೆ ದಿನ ತುಂಬದ ಕೂಸಿನ ಕರುಳು ಬಾಳೆಯ ಸುಳಿಯಷ್ಟು ಎಳೆಯದು, ಅದನ್ನೆಲ್ಲ ತಡೆಯದು. ಡಬ್ಬಿಯ ಹಾಲು ಕುಡಿದ ಇಂಥ ಕೂಸುಗಳಲ್ಲಿ ಕರುಳಿನ ಉರಿಯೂತದ ಅಪಾಯ ಹೆಚ್ಚು. ಅದು ಜೀವಕ್ಕೇ ಎರವಾಗಬಹುದು. ಹೆತ್ತವಳ ಹಾಲು ಸಿಗದಿದ್ದರೆ ಇಂಥ ಕೂಸುಗಳಿಗೆ ಇನ್ನೊಬ್ಬ ತಾಯಿಯ ಹಾಲನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಇದು ಹೊಸ ಮಾತೇನಲ್ಲ. ನೈಲ್ ನದಿಯ ಬುಟ್ಟಿಯಿಂದ ಮೋಶೆಯನ್ನು ಎತ್ತಿಕೊಂಡ ಫರೋಹನ ಮಗಳಿಗೆ ಮೊದಲು ಬೇಕಾದದ್ದು ಹಾಲೂಡಿಸುವ ಹೆಂಗಸು. ಗುಲಾಮರ ಕುಲದವಳು ಬೇಡ ಎಂದು ಆ ರಾಜಕುಮಾರಿ ಅನ್ನಲಿಲ್ಲ. ಕೂಲಿಯನ್ನೂ ಕೊಟ್ಟಳು. ಹೆತ್ತ ತಾಯಿಗೇ ತನ್ನ ಮಗನಿಗೆ ಹಾಲೂಡಿಸಲು ಕೂಲಿ!

ಮುಂಬಯಿಯ ಸಯನ್ ಆಸ್ಪತ್ರೆಗೆ ಧಾರಾವಿಯ ಬಡವರ ಕೂಸುಗಳು ಬರುತ್ತವೆ. ಅಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಎದೆಹಾಲಿನ ಬ್ಯಾಂಕ್ ಆರಂಭಿಸಿದರು. ಏಷ್ಯಾದಲ್ಲೇ ಅದು ಮೊದಲನೆಯದು. ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಎಂಬ ಬ್ಯಾಂಕ್ ತೆರೆಯಿತು. ಅಲ್ಲಿ ನಡೆಯುವುದು ಇಷ್ಟು: ಹಾಲು ಕೊಡುವ ತಾಯಿಯ ರಕ್ತವನ್ನು ಎಚ್‌ಐವಿ, ಕಾಮಾಲೆಯಂಥ ರೋಗಗಳಿಗಾಗಿ ಮೊದಲು ಪರೀಕ್ಷಿಸುತ್ತಾರೆ. ಹಿಂಡಿದ ಹಾಲನ್ನು 62.5 ಡಿಗ್ರಿ ಶಾಖದಲ್ಲಿ 30 ನಿಮಿಷ ಇಟ್ಟು, ರೋಗಾಣು ಉಳಿದಿಲ್ಲವೆಂದು ಮತ್ತೆ ನೋಡಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿಡುತ್ತಾರೆ. ಹಾಲು ಕೊಟ್ಟವರಿಗೆ ಹಣವಿಲ್ಲ. ಇಷ್ಟೆಲ್ಲ ಪರೀಕ್ಷೆ ಇರುವುದರಿಂದಲೇ, ಪಕ್ಕದ ಮನೆಯಿಂದ ಬಟ್ಟಲಲ್ಲಿ ತಂದು ಕುಡಿಸುವುದಕ್ಕಿಂತ ಇದು ಮೇಲು.

ಯಂತ್ರ, ಫ್ರೀಜರ್‌ಗಳನ್ನು ದುಡ್ಡು ಕೊಟ್ಟು ತರಬಹುದು. ಹಾಲು ಬರಬೇಕಾದದ್ದು ನಮ್ಮ ಮನೆಗಳಿಂದ, ತೊಡಕಿರುವುದೂ ಅಲ್ಲಿಯೇ. ಸೊಸೆ ಒಪ್ಪಿದರೂ ಅತ್ತೆ ಒಪ್ಪುವುದಿಲ್ಲ. ‘ನಮ್ಮ ಕೂಸಿಗೆ ಕಡಿಮೆ ಬಿದ್ದರೆ?’ ಎನ್ನುತ್ತಾರೆ. ಅಮ್ಮಂದಿರೇ, ತಾಯಿಯ ಎದೆ ತುಂಬಿಟ್ಟ ಕೊಡವಲ್ಲ, ಅದು ಹಳ್ಳದ ಒರತೆ. ಬೇಸಿಗೆಯಲ್ಲಿ ಉಸುಕು ತೋಡಿ ನೀರು ತಂದವರು ನೀವು. ತೆಗೆದಷ್ಟೂ ಜಿನುಗುವುದು ನಿಮಗೆ ಗೊತ್ತಲ್ಲವೇ? ಮೊದಲು ತನ್ನ ಕೂಸಿನ ಹೊಟ್ಟೆ ತುಂಬಬೇಕು, ಮಿಕ್ಕದ್ದನ್ನಷ್ಟೇ ಕೇಳುತ್ತಾರೆ. ಇನ್ನೊಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ: ಯಾವ ಜಾತಿಯವಳ ಹಾಲೋ? ಅಪಘಾತವಾಗಿ ರಕ್ತ ಬೇಕಾದಾಗ ಬಾಟಲಿಯ ಜಾತಿ ಕೇಳಿದವರನ್ನು ನಾವಂತೂ ಕಂಡಿಲ್ಲ.

ಆಳಂದ, ಅಫಜಲಪುರ, ಜೇವರ್ಗಿಯ ಕೂಸುಗಳಿಗೆ ಬೆಂಗಳೂರು ಬಲು ದೂರ. ಇಂಥ ಬ್ಯಾಂಕ್ ಈ ಭಾಗದ ಆಸ್ಪತ್ರೆಯಲ್ಲೇ ನಡೆಯಬೇಕಾದರೆ ಕೊಡುವ ತಾಯಂದಿರು ಮೊದಲು ಸಿದ್ಧರಿರಬೇಕು. ಯಾರನ್ನೂ ಒತ್ತಾಯಿಸುವಂತಿಲ್ಲ. ಬರುವ ಭಾನುವಾರ ಬಲಿಪೂಜೆಯ ನಂತರ ನರ್ಸ್ ಸಿಸ್ಟರ್ ಒಬ್ಬರು ಈ ವಿಷಯ ತಿಳಿಸಲು ಬರುತ್ತಾರೆ. ಬಾಣಂತಿಯರು ಬರಲಾಗದಿದ್ದರೆ ಮನೆಯಲ್ಲೇ ಇರಲಿ; ಅವರ ಅತ್ತೆಯಂದಿರೂ ಗಂಡಂದಿರೂ ಮಾತ್ರ ತಪ್ಪದೆ ಕುಳಿತು ಕೇಳಿ ಹೋಗಿ.