ಕೊಟ್ಟವರೂ ಪಡೆದವರೂ

ಅಮೆರಿಕದ ಫುಟ್‌ಬಾಲ್ ಹೆಸರಿಗೆ ಕಾಲ್ಚೆಂಡಾಟವಾದರೂ ಕಾಲಿಗಿಂತ ಹೆಚ್ಚಾಗಿ ಕೈ, ಹೆಗಲು ಮತ್ತು ಎದೆಯ ಬಲವನ್ನು ನೆಚ್ಚಿ ನಡೆಯುವ ಆಟ. ತಂಡಕ್ಕೆ ಹನ್ನೊಂದು ಮಂದಿಯಂತೆ ಎದುರುಬದುರು ನಿಂತು, ಅಂಡಾಕಾರದ ಚೆಂಡನ್ನು ಎದುರಾಳಿಯ ಗಡಿರೇಖೆಯ ಆಚೆಗೆ ಒಯ್ದು ಟಚ್‌ಡೌನ್ ಗಳಿಸುವುದು ಅದರ ಗುರಿ. ಆ ಹನ್ನೊಂದು ಮಂದಿಯಲ್ಲಿ ಕೆಲವರು ಎದುರಾಳಿಯನ್ನು ಮೈಯೊಡ್ಡಿ ತಡೆದು ದಾರಿ ಬಿಡಿಸುತ್ತಾರೆ, ಕೆಲವರು ಮುಂದಕ್ಕೆ ಓಡಿ ಹೋಗಿ ಚೆಂಡನ್ನು ಹಿಡಿಯುತ್ತಾರೆ. ಸಾಲಿನ ಕೊನೆಯಲ್ಲಿ ಒತ್ತಿ ನಿಲ್ಲುವ, ಟೈಟ್ ಎಂಡ್ ಎಂದು ಕರೆಯಲಾಗುವ ಆಟಗಾರ ಈ ಎರಡೂ ಕೆಲಸಗಳನ್ನು ಮಾಡಬೇಕು. ಒಮ್ಮೆ ತನಗಿಂತ ಭಾರವಾದ ಎದುರಾಳಿಯ ಎದೆಗೆ ಹೆಗಲು ಕೊಟ್ಟು ಸಂಗಡಿಗನಿಗೆ ಒಂದೆರಡು ಕ್ಷಣದ ಬಿಡುವನ್ನು ಒದಗಿಸುವ ಅವನು ಮರುಗಳಿಗೆಯಲ್ಲೇ ಹಗುರವಾಗಿ ಓಡಿ, ನಾಲ್ಕಾರು ಕೈಗಳ ನಡುವೆ ಚೆಂಡಿಗಾಗಿ ನೆಗೆಯಬೇಕಾಗುತ್ತದೆ. ಹಿಡಿದ ಚೆಂಡುಗಳ ಲೆಕ್ಕ ದಾಖಲೆಗೆ ಸೇರುತ್ತದೆ. ತಡೆದ ಮೈಗಳ ಲೆಕ್ಕವನ್ನು ಸಾಮಾನ್ಯ ಅಂಕಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ 2013ರಿಂದ 2016ರವರೆಗೆ ಈ ಸ್ಥಾನದಲ್ಲಿ ಆಡಿದ ಜೇಕ್ ಬಟ್ ಅವರ ಜೀವನವು ದುಡಿಮೆ ಮತ್ತು ಋಣಗಳ ಬಗ್ಗೆ ಯೋಚಿಸುವವರು ಗಮನಿಸಬೇಕಾದದ್ದು. ಆನ್ ಆರ್ಬರ್ ನಗರದಲ್ಲಿರುವ ಆ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅದರ ತರಬೇತುದಾರರ ವೇತನ ಆಗಲೇ ವರ್ಷಕ್ಕೆ 70 ಲಕ್ಷ ಡಾಲರನ್ನು ದಾಟಿತ್ತು. ಆಡುವ ಹುಡುಗರಿಗೆ ಮಾತ್ರ ಸಂಬಳವಿರಲಿಲ್ಲ. ಅವರು ವಿದ್ಯಾರ್ಥಿಗಳು, ಆದ್ದರಿಂದ ಹವ್ಯಾಸಿಗಳು ಎಂಬುದು ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಸಂಸ್ಥೆಯ ನಿಲುವಾಗಿತ್ತು. ಓದಿನ ಶುಲ್ಕ, ವಸತಿ, ಊಟ ಮತ್ತು ಸಣ್ಣಪುಟ್ಟ ಖರ್ಚಿಗೆ ಸಿಗುವ ವಿದ್ಯಾರ್ಥಿವೇತನವೇ ಅವರ ದುಡಿಮೆಗೆ ಸಲ್ಲುವ ಪ್ರತಿಫಲವಾಗಿತ್ತು. 2014ರ ಫೆಬ್ರವರಿಯಲ್ಲಿ ಅಭ್ಯಾಸದ ವೇಳೆ ಬಟ್ ಅವರ ಬಲಮಂಡಿಯ ಎಸಿಎಲ್, ಅಂದರೆ ತೊಡೆಯ ಎಲುಬನ್ನು ಕಣಕಾಲಿನ ಎಲುಬಿಗೆ ಬಿಗಿದು ಮಂಡಿ ಜಾರದಂತೆ ಹಿಡಿದಿಡುವ ಅಸ್ಥಿರಜ್ಜು, ಹರಿಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಅಂಗಳಕ್ಕೆ ಇಳಿದರು. 2015ರ ಋತು ಮುಗಿದಾಗ ವೃತ್ತಿಪರ ತಂಡಗಳ ಆಯ್ಕೆಗೆ ಹೆಸರು ಕೊಡಬಹುದಾಗಿದ್ದರೂ ಕೊಡದೆ, ಕಾಲೇಜಿನಲ್ಲೇ ಕೊನೆಯ ವರ್ಷವನ್ನೂ ಆಡಿದರು. ತಂಡದ ನಾಯಕರಲ್ಲಿ ಒಬ್ಬರಾದರು. ನಾಲ್ಕು ವರ್ಷಗಳಲ್ಲಿ 138 ಬಾರಿ ಚೆಂಡು ಹಿಡಿದು 1,646 ಗಜ ಸಾಗಿದರು. ದೇಶದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿಯನ್ನು 2016ರಲ್ಲಿ ಪಡೆದರು.

ಅದೇ ವರ್ಷದ ಡಿಸೆಂಬರ್ 30ರಂದು ಫ್ಲಾರಿಡಾದಲ್ಲಿ ಆರೆಂಜ್ ಬೌಲ್ ನಡೆಯಿತು. ಬೌಲ್ ಪಂದ್ಯವೆಂದರೆ ಋತುವಿನ ಪಂದ್ಯಗಳೆಲ್ಲ ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಆಹ್ವಾನಿಸಿ ಆಡಿಸುವ ಹಬ್ಬದ ಪಂದ್ಯ. ಮಿಷಿಗನ್ ಆ ಹೊತ್ತಿಗೆ ರಾಷ್ಟ್ರೀಯ ಪಟ್ಟದ ಸ್ಪರ್ಧೆಯಿಂದ ಹೊರಬಿದ್ದಿತ್ತು. ಗೆದ್ದರೂ ಸೋತರೂ ಪಟ್ಟದ ಮಟ್ಟಿಗೆ ಏನೂ ಬದಲಾಗುತ್ತಿರಲಿಲ್ಲ. ಅಂಥ ಪಂದ್ಯದಲ್ಲಿ ಆಡುವ ಅಪಾಯ ಎಲ್ಲರಿಗೂ ತಿಳಿದದ್ದೇ, ಏಕೆಂದರೆ ಆ ವರ್ಷದ ಜನವರಿ 1ರಂದು ನೋಟರ್ ಡೇಮ್ ತಂಡದ ಜೇಲನ್ ಸ್ಮಿತ್ ಇಂಥದೇ ಇನ್ನೊಂದು ಪಂದ್ಯದಲ್ಲಿ ಮಂಡಿಗೆ ತೀವ್ರ ಗಾಯ ಮಾಡಿಕೊಂಡು, ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಸಾಲಿನಿಂದ 34ನೆಯ ಸ್ಥಾನಕ್ಕೆ ಕುಸಿದಿದ್ದರು. ಆ ಪಾಠ ಕಲಿತ ಇಬ್ಬರು ಪ್ರಸಿದ್ಧ ಆಟಗಾರರು, ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಮತ್ತು ಲೂಯಿಸಿಯಾನದ ಲೆನರ್ಡ್ ಫೋರ್ನೆಟ್, ತಮ್ಮ ತಂಡಗಳ ಬೌಲ್ ಪಂದ್ಯಗಳನ್ನು ಆಡದೆ ಉಳಿದು, ಜೊತೆಗಾರರನ್ನು ನಡುನೀರಿನಲ್ಲಿ ಕೈಬಿಟ್ಟರೆಂಬ ಮಾತನ್ನು ಕೇಳಬೇಕಾಯಿತು. ಬಟ್ ಆಡಿದರು. ಮೊದಲರ್ಧದಲ್ಲೇ, ಮೊದಲು ಹರಿದಿದ್ದ ಅದೇ ಬಲಮಂಡಿಯ ಅಸ್ಥಿರಜ್ಜು ಮತ್ತೆ ಹರಿಯಿತು. ಅವರಿಲ್ಲದೆ ಆಟ ಮುಂದುವರಿಸಿದ ತಂಡ 33-32ರಲ್ಲಿ, ಒಂದೇ ಒಂದು ಅಂಕದಿಂದ, ಸೋತಿತು. ನಾಲ್ಕು ತಿಂಗಳ ನಂತರದ ಡ್ರಾಫ್ಟ್‌ನಲ್ಲಿ ಫೋರ್ನೆಟ್ ನಾಲ್ಕನೆಯವರಾಗಿ, ಮೆಕ್ಯಾಫ್ರಿ ಎಂಟನೆಯವರಾಗಿ ಆಯ್ಕೆಯಾದರೆ, ಬಟ್ ಅವರ ಹೆಸರು ಐದನೆಯ ಸುತ್ತಿನಲ್ಲಿ, 145ನೆಯದಾಗಿ ಬಂತು. ಮೊದಲೇ ಮಾಡಿಸಿಟ್ಟಿದ್ದ ವಿಮೆಯಿಂದ 5 ಲಕ್ಷ ಡಾಲರಿಗೂ ಮಿಕ್ಕಿ ಹಣ ಬಂತೆಂಬ ವರದಿಯಾಯಿತು. ಆದರೆ 2018ರಲ್ಲಿ ಎಡಮಂಡಿಯೂ ಕೈಕೊಟ್ಟಿತು, ಮತ್ತು ವೃತ್ತಿಪರ ಲೀಗ್‌ನಲ್ಲಿ ಎಂಟು ಪಂದ್ಯಗಳನ್ನಷ್ಟೇ ಆಡಿದ ಅವರು 2021ರ ಜುಲೈನಲ್ಲಿ, 26ನೆಯ ವಯಸ್ಸಿಗೇ ನಿವೃತ್ತರಾದರು.

ಆಡಿದ್ದಕ್ಕೆ ತಮಗೆ ಪಶ್ಚಾತ್ತಾಪವಿಲ್ಲವೆಂದು ಬಟ್ ಹೇಳಿದ್ದಾರೆ, ಮತ್ತು ಆ ಮಾತನ್ನು ಅನುಮಾನಿಸಲು ಕಾರಣವಿಲ್ಲ. ಜೊತೆಗೆ ಬೆವರು ಹರಿಸಿದ ಗೆಳೆಯರ ಪಕ್ಕದಲ್ಲಿ ಕೊನೆಯ ಬಾರಿ ನಿಲ್ಲಬೇಕೆಂಬ ಹಂಬಲ ಮನುಷ್ಯನಲ್ಲಿರುವ ಶ್ರೇಷ್ಠ ಭಾವಗಳಲ್ಲಿ ಒಂದು. ಆದರೆ ಅವರ ನಿಷ್ಠೆಯನ್ನು ಹೊಗಳುವವರು ಆ ಹೊಗಳಿಕೆಯನ್ನೇ ಎತ್ತಿಕೊಂಡು, ಆಡದೆ ಉಳಿದ ಇಬ್ಬರು ಹುಡುಗರನ್ನು ಹಳಿಯಲು ಬಳಸಿದಾಗ ನ್ಯಾಯ ತಪ್ಪುತ್ತದೆ. ತನ್ನ ದೇಹವನ್ನು ಪಣಕ್ಕಿಡುವ ಹಕ್ಕು ಆ ದೇಹದೊಳಗೆ ಬದುಕುವವನದು. ಇಡದಿರುವ ಹಕ್ಕೂ ಅವನದೇ.

ಕರ್ಣನ ಕವಚಕುಂಡಲಗಳ ಕಥೆಯನ್ನು ಕೇಳಿದವರೆಲ್ಲ ಕೊಟ್ಟವನ ಔದಾರ್ಯಕ್ಕೆ ಕಣ್ಣೀರಿಡುತ್ತಾರೆಯೇ ಹೊರತು, ಬ್ರಾಹ್ಮಣನ ವೇಷ ತೊಟ್ಟು ಬಂದು ಬೇಡಿದವನ ಮೇಲಿನ ಹೊಣೆಯನ್ನು ಅಷ್ಟಾಗಿ ತೂಗಿ ನೋಡುವುದಿಲ್ಲ. ಸೂರ್ಯನ ಎಚ್ಚರಿಕೆಯನ್ನು ಕೇಳಿಯೂ ಕರ್ಣ ಕೊಟ್ಟ, ಹಾಗಾಗಿ ಅದು ತಿಳಿದೇ ಕೊಟ್ಟ ದಾನ. ಆದರೂ ಮೈಗಂಟಿದ ಕವಚವನ್ನು ಸುಮ್ಮನೆ ಒಯ್ಯಲು ಇಂದ್ರನಿಂದಲೂ ಆಗಲಿಲ್ಲ, ಪ್ರತಿಯಾಗಿ ಶಕ್ತ್ಯಾಯುಧವನ್ನು ಕೊಡಬೇಕಾಯಿತು. ಟಿಕೆಟ್ಟಿನಿಂದಲೂ ದೂರದರ್ಶನ ಪ್ರಸಾರದಿಂದಲೂ ಕೋಟಿಗಟ್ಟಲೆ ಗಳಿಸಿದ ವ್ಯವಸ್ಥೆಯೊಂದು, ಹುಡುಗನಿಗೆ ಪಶ್ಚಾತ್ತಾಪವಿಲ್ಲವೆಂಬ ಕಾರಣಕ್ಕೆ ತನ್ನ ಋಣ ತೀರಿತೆಂದು ಭಾವಿಸುವಂತಿಲ್ಲ.

ಬಟ್ ಪಡೆದ ಪ್ರಶಸ್ತಿ ಯಾರ ಹೆಸರಿನಲ್ಲಿದೆಯೋ ಆ ಜಾನ್ ಮ್ಯಾಕಿ ಅವರ ಬಾಳು ಈ ಋಣದ ಉದ್ದವನ್ನು ತೋರಿಸುತ್ತದೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಆಡಿ, 1963ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡ ಸೇರಿದ ಮ್ಯಾಕಿ, ತಡೆಯುವ ಕೆಲಸಕ್ಕೇ ಹೆಚ್ಚಾಗಿ ಮೀಸಲಾಗಿದ್ದ ಟೈಟ್ ಎಂಡ್ ಸ್ಥಾನದಿಂದ ದೂರದ ಎಸೆತಗಳನ್ನೂ ಹಿಡಿದು ಓಡಬಹುದೆಂದು ತೋರಿಸಿಕೊಟ್ಟವರು. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿ, ಮುಂದೆ ಆಟಗಾರನು ತನಗೆ ಬೇಕಾದ ತಂಡಕ್ಕೆ ಹೋಗದಂತೆ ಕಟ್ಟಿಹಾಕುತ್ತಿದ್ದ ನಿಯಮದ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಗೆದ್ದವರೂ ಅವರೇ. ಆಟ ಬಿಟ್ಟು ಮೂರು ದಶಕಗಳಾಗುವ ಹೊತ್ತಿಗೆ, ಮಿದುಳಿನ ಮುಂಭಾಗವನ್ನು ಕರಗಿಸುತ್ತ ಬರುವ ಮರೆವಿನ ರೋಗ ಅವರನ್ನು ಹಿಡಿಯಿತು. ಆರೈಕೆಯ ವೆಚ್ಚವನ್ನು ತಾಳಲಾರದೆ ಪತ್ನಿ ಸಿಲ್ವಿಯಾ ವೃತ್ತಿಪರ ಲೀಗ್‌ನ ಮುಖ್ಯಸ್ಥರಿಗೆ ಪತ್ರ ಬರೆದರು. ಅದರ ಫಲವಾಗಿ, ಮರೆವಿನ ರೋಗಕ್ಕೆ ತುತ್ತಾದ ಮಾಜಿ ಆಟಗಾರರ ಶುಶ್ರೂಷೆಗೆ ವರ್ಷಕ್ಕೆ 88,000 ಡಾಲರ್‌ವರೆಗೆ ಕೊಡುವ ಯೋಜನೆ 2007ರಲ್ಲಿ ಬಂತು. ಮ್ಯಾಕಿ ತೊಡುತ್ತಿದ್ದ ಅಂಗಿಯ ಸಂಖ್ಯೆ 88 ಆದ್ದರಿಂದ ಮೊತ್ತವೂ ಅದೇ ಆಯಿತು. ಮಿಷಿಗನ್‌ನಲ್ಲಿ ಬಟ್ ಅವರ ಬೆನ್ನಿನ ಮೇಲಿದ್ದದ್ದೂ 88. ಮ್ಯಾಕಿ 2011ರಲ್ಲಿ, 69ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಉಂಟಾಗುವ ಹಾನಿ ಅವರ ಮಿದುಳಿನಲ್ಲಿ ಕಂಡುಬಂತು.

ಕಾಲೇಜು ಆಟಗಾರರ ಸ್ಥಿತಿ ಈಗ ಹಿಂದಿನಂತಿಲ್ಲ. ಬಟ್ ನಿವೃತ್ತರಾದ 2021ರ ಜುಲೈ ತಿಂಗಳಿನಲ್ಲೇ, ತಮ್ಮ ಹೆಸರು ಮತ್ತು ಭಾವಚಿತ್ರದ ಬಳಕೆಯಿಂದ ಹಣ ಗಳಿಸಲು ಕಾಲೇಜು ಆಟಗಾರರಿಗೆ ಅನುಮತಿ ದೊರೆಯಿತು; 2025ರಿಂದ ವಿಶ್ವವಿದ್ಯಾಲಯಗಳೇ ತಮ್ಮ ವರಮಾನದ ಪಾಲನ್ನು ಅವರಿಗೆ ನೇರವಾಗಿ ಕೊಡಬಹುದಾಗಿದೆ; ಬೌಲ್ ಪಂದ್ಯವನ್ನು ಬಿಟ್ಟವರನ್ನು ದ್ರೋಹಿಗಳೆನ್ನುವ ದನಿ ಬಹಳ ತಗ್ಗಿದೆ. ಇವೆಲ್ಲವೂ ಸ್ವಾಗತಾರ್ಹ. ಆದರೆ ಹಣ ಮುಖ್ಯವಾಗಿ ಹರಿಯುವುದು ಹೆಸರಿದ್ದವರ ಕಡೆಗೆ. ಅಂಕಪಟ್ಟಿಗೆ ಏರದ ಕೆಲಸ ಮಾಡುವ ಹುಡುಗನಿಗೂ ಅದೇ ಬಗೆಯ ಮಂಡಿ, ಅದೇ ಬಗೆಯ ಮಿದುಳು. ಅವನಿಗೆ ಹೆಚ್ಚು ಸಲ್ಲಬೇಕಾದದ್ದು ಚಿಕಿತ್ಸೆಯ ಭರವಸೆ, ಮತ್ತು ಅದಕ್ಕಾಗಿ ಎನ್‌ಸಿಎಎ 2024ರ ಆಗಸ್ಟ್‌ನಿಂದ ಜಾರಿಗೆ ತಂದಿರುವ ವಿಮೆ, ಆಟದಲ್ಲಾದ ಗಾಯದ ವೆಚ್ಚವನ್ನು ಕಾಲೇಜು ಆಟ ಮುಗಿದ ಎರಡು ವರ್ಷಗಳವರೆಗೆ ಭರಿಸುತ್ತದೆ. ಜಾನ್ ಮ್ಯಾಕಿ ಅವರ ಕಾಯಿಲೆ ಹೊರಗೆ ಕಾಣಿಸಿಕೊಳ್ಳಲು ಸುಮಾರು ಮೂವತ್ತು ವರ್ಷ ಹಿಡಿದಿತ್ತು.