ಕಂಪ್ಯೂಟರಿನ ಚೀಟಿ ನಾವೇ ಬರೆಯೋಣ

(ಮುಲುಂಡ್‌ನಲ್ಲಿ ನಡೆದ ಮಹಿಳಾ ವಿಭಾಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಐಟಿಯಲ್ಲಿ ಕೆಲಸ ಮಾಡುವವಳು ಎಂದು ಗೊತ್ತಾದರೆ ಸಾಕು, ಸಂಘದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮಕ್ಕಳಿಗೆ ಕಂಪ್ಯೂಟರ್ ತೆಗೀಬೇಕು, ಯಾವುದು ಒಳ್ಳೇದು?" ನಾನು ತಿರುಗಿ ಕೇಳುವುದು ಇಷ್ಟೇ: "ಅದರಲ್ಲಿ ಯಾರು, ಏನು ಮಾಡ್ತೀರಿ?" ಮಿಕ್ಸಿ ಕೊಳ್ಳುವಾಗ ನಾವು ಬರೀ "ಒಳ್ಳೇ ಮಿಕ್ಸಿ ಕೊಡಿ" ಎನ್ನುವುದಿಲ್ಲ. 500 ವ್ಯಾಟ್ ಸಾಕೇ, 750 ಬೇಕೇ, ಮೂರು ಜಾರ್ ಇದೆಯೇ, ಸರ್ವಿಸ್ ಎಲ್ಲಿ ಎಂದೆಲ್ಲ ವಿಚಾರಿಸುತ್ತೇವೆ. ಅದೇ ನಾವು ಕಂಪ್ಯೂಟರ್ ಅಂಗಡಿಗೆ ಹೋದಾಗ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇವೆ. ಪ್ರಶ್ನೆ ಕೇಳಿದವರು ನಾವಾದರೂ ಅಂಗಡಿಯವರು ಉತ್ತರ ಹೇಳುವುದು ಪಕ್ಕದಲ್ಲಿರುವ ಗಂಡಸರ ಮುಖ ನೋಡಿ. ಹಣ ಮನೆಯದು, ಬಳಸುವವರು ನಾವೂ ನಮ್ಮ ಮಕ್ಕಳೂ. ಆದ್ದರಿಂದ ಬೇಕಾದ ಸಾಮಾನಿನ ಚೀಟಿಯನ್ನು ನಾವೇ ಬರೆಯೋಣ ಎಂಬುದು ನನ್ನ ಇಂದಿನ ಮಾತು.

ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಡೆಸ್ಕ್‌ಟಾಪ್‌ಗೆ ಒಂದು ದೊಡ್ಡ ಅನುಕೂಲವಿದೆ. ಯಾವ ಭಾಗ ಕೆಟ್ಟಿತೋ ಅದನ್ನಷ್ಟೇ ಬದಲಾಯಿಸಬಹುದು. ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲಾಗದು. ಡೆಸ್ಕ್‌ಟಾಪ್‌ನಲ್ಲಿ ಆ ತೊಂದರೆ ಇಲ್ಲ. ಜಾಗ ಕಡಿಮೆ ಇರುವ ನಮ್ಮ ಒನ್ ಬಿಎಚ್‌ಕೆ ಮನೆಗಳಿಗೆ ಮೈಕ್ರೋ ಎಟಿಎಕ್ಸ್ ಅಳತೆಯ ಬೋರ್ಡ್, ಅದಕ್ಕೆ ಹೊಂದುವ ಸಣ್ಣ ಕ್ಯಾಬಿನೆಟ್ ಸಿಗುತ್ತದೆ.

ಮೊದಲು ಪ್ರೊಸೆಸರ್. ಇಲ್ಲಿ ಹೆಸರಿಗೆ ಮರುಳಾಗಬೇಡಿ. "ಐ7 ಇದೆ ಮೇಡಂ, ಅಗ್ಗಕ್ಕೆ ಕೊಡ್ತೇನೆ" ಎಂದರೆ ಅದರ ಮುಂದಿನ ಸಂಖ್ಯೆ ಕೇಳಿ. ಕೋರ್ ಐ7-2600 ಬಂದದ್ದು 2011ರಲ್ಲಿ. ಕೋರ್ ಐ3-12100 ಬಂದದ್ದು 2022ರಲ್ಲಿ. ಎರಡರಲ್ಲೂ ನಾಲ್ಕೇ ಕೋರ್, ಆದರೆ ಹೊಸ ಐ3 ಹಳೆಯ ಐ7ಗಿಂತ ಬಹಳ ವೇಗದ್ದು. 2600ರಲ್ಲಿ ಮೊದಲ 2, 12100ರಲ್ಲಿ ಮೊದಲ 12 ತಲೆಮಾರನ್ನು ತಿಳಿಸುತ್ತವೆ. ಇದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರಕ್ಕೆ ಸುರಕ್ಷತಾ ಅಪ್‌ಡೇಟ್ ನಿಲ್ಲಬಾರದು.

ಇಂಟೆಲ್ ಸಂಖ್ಯೆಯ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಬೆಲೆ ಸ್ವಲ್ಪ ಕಡಿಮೆ, ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡದು. ಓದು, ಟ್ಯಾಲಿ, ಆನ್‌ಲೈನ್ ಕ್ಲಾಸ್, ಕೋಡಿಂಗ್ ಕಲಿಕೆ ಇವಕ್ಕೆಲ್ಲ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಧಾರಾಳ. ದೊಡ್ಡ ಗೇಮ್, ಹೆಚ್ಚಿನ ವಿಡಿಯೋ ಎಡಿಟಿಂಗ್, ತ್ರೀಡಿ ವಿನ್ಯಾಸ ಇದ್ದರೆ ಮಾತ್ರ ಕಾರ್ಡಿನ ಮಾತು.

ಎರಡನೆಯದು ಮದರ್‌ಬೋರ್ಡ್. ರವಿಕೆಯ ಹುಕ್ಕಿಗೂ ಕುಣಿಕೆಗೂ ಹೊಂದಾಣಿಕೆ ಬೇಕಲ್ಲವೇ, ಹಾಗೆಯೇ ಇದು. ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700 ಸಾಕೆಟ್. ಎಎಂಡಿಯಲ್ಲಿ ಹಳೆಯದು ಎಎಂ4, 2022ರಲ್ಲಿ ಬಂದದ್ದು ಎಎಂ5. ಎಎಂ4ಗೆ ಡಿಡಿಆರ್4 ರ‍್ಯಾಮ್, ಎಎಂ5ಗೆ ಡಿಡಿಆರ್5 ಮಾತ್ರ. ಎರಡರ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ.

ಮೂರನೆಯದು ರ‍್ಯಾಮ್. 8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, 16 ಇದ್ದರೆ ನಿರಾಳ. 16 ಬೇಕೆಂದರೆ 8ರ ಎರಡು ಪಟ್ಟಿ ಹಾಕಿಸಿ, ಪ್ರೊಸೆಸರ್ ಎರಡು ದಾರಿಯಲ್ಲಿ ಏಕಕಾಲಕ್ಕೆ ಮಾಹಿತಿ ಪಡೆಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ಬೆಲೆ ಹೆಚ್ಚಿದ್ದಾಗ ಈಗ 8 ಜಿಬಿಯ ಒಂದೇ ಪಟ್ಟಿ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಟ್ಟು, ಬೆಲೆ ಇಳಿದ ಮೇಲೆ ಸೇರಿಸುವುದು ಜಾಣತನ.

ನಾಲ್ಕನೆಯದು ಎಸ್‌ಎಸ್‌ಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 550 ಎಂಬಿ ಓದುತ್ತದೆ. ಸಾಮಾನ್ಯ ಎನ್‌ವಿಎಂಇ ಕೂಡ 3,000 ಎಂಬಿ ದಾಟಬಲ್ಲದು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇವೆರಡಕ್ಕೂ ಸಮವಲ್ಲ. ಆದರೆ ಮದುವೆ, ನಾಮಕರಣದ ಫೋಟೋಗಳ ಇನ್ನೊಂದು ಪ್ರತಿ ಇಡಲು ಹೊರಗಿನ ಹಾರ್ಡ್ ಡಿಸ್ಕ್ ಒಳ್ಳೆಯದು. ಒಂದೇ ಕಡೆ ಇಟ್ಟ ಫೋಟೋ ಒಂದು ದಿನ ಕಳೆದೇ ಹೋಗುತ್ತದೆ ಎಂದುಕೊಂಡೇ ನಡೆಯಿರಿ.

ಈಗ ಯಾರೂ ಕೇಳದ ಭಾಗ: ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಎಲ್ಲದಕ್ಕೂ ಹಂಚುವ ಪೆಟ್ಟಿಗೆ. ಕ್ಯಾಬಿನೆಟ್ ಜೊತೆಗೆ ಪುಕ್ಕಟೆಯಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡವೇ ಬೇಡ. ಅದು ಕೆಟ್ಟರೆ ಒಮ್ಮೊಮ್ಮೆ ತಾನೊಂದೇ ಹೋಗದೆ ಮದರ್‌ಬೋರ್ಡ್, ಎಸ್‌ಎಸ್‌ಡಿಗಳನ್ನೂ ಕರೆದುಕೊಂಡು ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಯಂತ್ರಕ್ಕೆ ಒಳ್ಳೆಯ ಕಂಪನಿಯ 450 ವ್ಯಾಟ್ ಸಾಕು. '80 ಪ್ಲಸ್' ಗುರುತು ನೋಡಿ, ಆದರೆ ಅದು ಕರೆಂಟ್ ಎಷ್ಟು ವ್ಯರ್ಥವಾಗುತ್ತದೆ ಎಂಬುದರ ಅಳತೆ ಮಾತ್ರ. ವಾರಂಟಿ ಎಷ್ಟು ವರ್ಷ ಎಂದೂ ಕೇಳಿ. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ, ಸಣ್ಣ ಯುಪಿಎಸ್ ಇಡಿ. ಮುಂಬಯಿಯ ಧೂಳಿಗೆ ಜಾಲರಿ ಇರುವ ಕ್ಯಾಬಿನೆಟ್ ಆರಿಸಿ, ನೆಲಕ್ಕೆ ತಾಗಿಸದೆ ಎತ್ತರದಲ್ಲಿಡಿ.

ಎಲ್ಲಿ ಕೊಳ್ಳುವುದು? ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ನಮಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಮುಲುಂಡ್‌ನಿಂದ ಲೋಕಲ್ ಹಿಡಿದು ದಾದರ್‌ನಲ್ಲಿ ಇಳಿದು, ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಹತ್ತಿದರೆ ಗ್ರಾಂಟ್ ರೋಡ್ ಸ್ಟೇಷನ್. ಅಲ್ಲಿಂದ ನಡೆದೇ ಹೋಗಬಹುದು. ಚೀಟಿಯ ಒಂದೇ ಪ್ರತಿಯನ್ನು ಮೂರು ಅಂಗಡಿಗಳಲ್ಲಿ ತೋರಿಸಿ, ಪ್ರತಿ ಭಾಗದ ಬೆಲೆ ಬೇರೆ ಬೇರೆ ಬರೆಸಿಕೊಳ್ಳಿ. "ಒಟ್ಟು ಇಷ್ಟು" ಎಂಬ ಲೆಕ್ಕ ಒಪ್ಪಬೇಡಿ. ಆನ್‌ಲೈನ್ ಬೆಲೆಯನ್ನೂ ಹೋಲಿಸಿ ನೋಡಿ. "ಅದಿಲ್ಲ, ಇದೂ ಅದೇ ಥರ" ಎಂದು ಬೇರೆ ಮಾಡೆಲ್ ಕೊಟ್ಟರೆ ಅಲ್ಲೇ ಒಪ್ಪದೆ ಸಂಖ್ಯೆ ಬರೆದುಕೊಂಡು ವಿಚಾರಿಸಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ. ಭಾಗಗಳ ಪೆಟ್ಟಿಗೆಗಳನ್ನು ರದ್ದಿಗೆ ಹಾಕಬೇಡಿ, ವಾರಂಟಿಗೆ ಬೇಕಾದೀತು. ಜೋಡಣೆಯನ್ನು ಅಂಗಡಿಯವರೇ ಮಾಡಲಿ, ನೀವು ಮಕ್ಕಳೊಂದಿಗೆ ಎದುರು ನಿಂತು ನೋಡಿ. ವಿಶೇಷವಾಗಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ.

ಕನ್ನಡಕ್ಕೆ ವಿಶೇಷ ಕೀಬೋರ್ಡ್ ಬೇಡ. ಕೆ.ಪಿ. ರಾಯರು ರೂಪಿಸಿದ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಗಳಲ್ಲೇ ಇಡೀ ಕನ್ನಡ ಮೂಡುತ್ತದೆ.

ಚೀಟಿ ಬರೆಯುವ ಕ್ರಮ ಹೀಗಿರಲಿ: ಮೊದಲ ಸಾಲಿನಲ್ಲಿ ಕೆಲಸ, ಎರಡನೆಯದರಲ್ಲಿ ನಿಮ್ಮ ಬಜೆಟ್, ಅದರ ಕೆಳಗೆ ಭಾಗಗಳು. ಮೊದಲ ಎರಡು ಸಾಲು ಬರೆಯಲು ಯಾವ ಎಂಜಿನಿಯರನೂ ಬೇಕಿಲ್ಲ. ಅವು ನಮಗೇ ಗೊತ್ತು. ಉಳಿದದ್ದಕ್ಕೆ ನನ್ನಂಥವರನ್ನು ಕೇಳಿ, ಸಂಕೋಚ ಬೇಡ.