ಒಡೆದ ಮನಸ್ಸಿಗೆ ಉಪಚಾರ



ಕೊಹಿನೂರಿನ ಆಸುಪಾಸಿನ ಹಿರಿಯರಿಗೆ ೧೯೯೩ನೆಯ ಇಸವಿಯ ಅನಂತ ಚತುರ್ದಶಿಯನ್ನು ಜ್ಞಾಪಿಸಬೇಕಾದ ಅಗತ್ಯವಿಲ್ಲ. ಶ್ರಾವಕರ ಮನೆಗಳಲ್ಲಿ ದಶಲಕ್ಷಣ ಪರ್ವದ ಕೊನೆಯ ದಿನ, ಅನಂತನ ನೋಂಪಿಯ ದಿನ ಅದು. ಊರೂರುಗಳಲ್ಲಿ ಗಣಪತಿಯ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷವಿರುವಾಗ, ಗಡಿಯಾಚೆಯ ಕಿಲ್ಲಾರಿಯ ಸುತ್ತ ಭೂಮಿ ಬಾಯ್ದೆರೆಯಿತು. ಬೀದರ, ಕಲಬುರಗಿ ಸೀಮೆಯ ನೆಲವೂ ನಡುಗಿತು. ಲಾತೂರ ಜಿಲ್ಲೆಯಲ್ಲಿಯೂ, ಅಂದು ಉಸ್ಮಾನಾಬಾದ ಎನಿಸಿದ್ದ ಜಿಲ್ಲೆಯಲ್ಲಿಯೂ ಮಡಿದವರನ್ನು ಬೇರೆ ಬೇರೆ ಎಣಿಕೆಗಳು ಎಂಟರಿಂದ ಹತ್ತು ಸಾವಿರದವರೆಗೆ ಹೇಳುತ್ತವೆ. ಬೇಸಿಗೆಯ ಉರಿಯನ್ನು ತಡೆಯಲೆಂದು ತಾತ ಮುತ್ತಾತಂದಿರು ಕಟ್ಟಿದ ದಪ್ಪ ಕಲ್ಲುಗೋಡೆ, ಮೊಳಗಟ್ಟಲೆ ಮಣ್ಣು ಹೊದಿಸಿದ ಮಾಳಿಗೆ, ಅವೇ ಮಲಗಿದವರ ಮೇಲೆ ಬಿದ್ದವು.

ಸತ್ತವರಿಗೆ ಸಂಸ್ಕಾರವಾಯಿತು, ಗಾಯಾಳುಗಳಿಗೆ ಪಟ್ಟಿ ಕಟ್ಟಿದರು. ಆದರೆ ಮೈಮೇಲೆ ಗೀರೂ ಇಲ್ಲದೆ ಉಳಿದವರ ಒಳಗಾಯದ ವಿಚಾರವೇನು? ಮಳೆ ಸುರಿಯುತ್ತಿದ್ದರೂ ಸೂರಿನ ಕೆಳಗೆ ಹೋಗಲೊಲ್ಲದವರು, ಲಾರಿಯ ಸದ್ದಿಗೆ ಮಕ್ಕಳನ್ನೆತ್ತಿಕೊಂಡು ಬಯಲಿಗೆ ಓಡುವವರು, ಅಳುವೇ ಬಾರದೆ ಕಲ್ಲಿನಂತೆ ಕುಳಿತವರು, ಇಂಥವರು ಪ್ರತಿಯೊಂದು ವಿಪತ್ತಿನ ನಂತರ ಕಾಣಸಿಗುತ್ತಾರೆ. ವ್ಯಾಪಾರಸ್ಥರಿಗೆ ನೆರವಿನ ಲೆಕ್ಕ ಸುಲಭ: ಜೋಳದ ಚೀಲ ಇಷ್ಟು, ಕಂಬಳಿ ಇಷ್ಟು. ಮನಸ್ಸಿನ ನೋವು ತಕ್ಕಡಿಗೆ ಬರುವ ಸರಕಲ್ಲ. ಆದ್ದರಿಂದಲೇ ಅದು ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಈ ಬಾಧೆಗೆ ಅಮೆರಿಕದ ಮನೋವೈದ್ಯರು ಪ್ರತ್ಯೇಕ ರೋಗವೆಂಬ ಹೆಸರು ಕೊಟ್ಟದ್ದು ೧೯೮೦ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ಕಂಡ ಮೇಲೆ. ಮರುವರ್ಷವೇ, ೧೯೮೧ರ ಫೆಬ್ರವರಿ ೭ರಂದು, ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಮಿಕ್ಕಿ ಜನ, ಬಹುಪಾಲು ಮಕ್ಕಳು, ಅಸುನೀಗಿದರು. ಆ ಮನೆಗಳವರ ಶೋಕವನ್ನು ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಅಭ್ಯಾಸ ಮಾಡಿದರು. ೧೯೮೪ರ ಭೋಪಾಲ ದುರಂತದ ನಂತರ ಸಾಮಾನ್ಯ ವೈದ್ಯರಿಗೂ ಈ ವಿಷಯದಲ್ಲಿ ತರಬೇತು ಕೊಡಲಾಯಿತು.

ವೈದ್ಯರು ಹೇಳುವ ಮಾತು ಧೈರ್ಯ ತರುವಂಥದು. ಆಘಾತಕ್ಕೆ ಸಿಕ್ಕವರಲ್ಲಿ ಬಹುಮಂದಿ ಸುರಕ್ಷಿತವಾದ ನೆಲೆ, ಹೊತ್ತಿಗೆ ಊಟ, ಬಂಧುಗಳ ಸಾಮೀಪ್ಯ, ಕೈಗೆ ಕೆಲಸ ಇವುಗಳಿಂದಲೇ ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಮೊದಲ ದಿನಗಳಲ್ಲಿ "ನಡೆದದ್ದನ್ನೆಲ್ಲ ಹೇಳು" ಎಂದು ಕೆದಕಬಾರದು, ಹೇಳಹೊರಟವರನ್ನು ತಡೆಯಲೂಬಾರದು. ನಿದ್ರೆಯ ಗುಳಿಗೆಯನ್ನೇ ನೆಚ್ಚುವುದು ಹಿತವಲ್ಲ. ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚುವಿಕೆ, ಜನರಿಂದ ತಪ್ಪಿಸಿಕೊಳ್ಳುವಿಕೆ ನಿಲ್ಲದಿದ್ದರೆ ಮಾತ್ರ ವಿಶೇಷ ಚಿಕಿತ್ಸೆ ಬೇಕು. ಅಂಥ ಚಿಕಿತ್ಸೆಯಲ್ಲಿ ಭಯದ ವಸ್ತುವಿನ ಸಮೀಪಕ್ಕೆ ರೋಗಿಯನ್ನು ಮೆಲ್ಲಮೆಲ್ಲನೆ ಕರೆತರುತ್ತಾರೆ: ಮಾಳಿಗೆಗೆ ಅಂಜುವವನು ಮೊದಲು ಹಗಲಿನಲ್ಲಿ ಹೊಸ್ತಿಲ ಮೇಲೆ ಕುಳಿತು, ಆಮೇಲೆ ಪಡಸಾಲೆಗೆ ಬಂದು, ಕೊನೆಗೆ ಒಳಗೆ ಮಲಗುವಂತೆ. ನೆನಪನ್ನು ಮನಸ್ಸಿನಲ್ಲಿ ಹಿಡಿದು, ಕಣ್ಣುಗಳನ್ನು ಎಡಬಲಕ್ಕೆ ಆಡಿಸುವ ಇನ್ನೊಂದು ಕ್ರಮವೂ ಉಂಟು. ಕೇಳುವುದಕ್ಕೆ ವಿಚಿತ್ರವೆನಿಸಿದರೂ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಾನ್ಯಮಾಡಿದೆ.

ಕಿಲ್ಲಾರಿಯ ಅನುಭವದಲ್ಲಿ ಹೆಚ್ಚು ವಿಚಾರಕ್ಕೆ ಹಚ್ಚುವುದು ಹೊಸ ಊರುಗಳ ಸಂಗತಿ. ತೀರ ನೆಲಸಮವಾದ ಸುಮಾರು ೫೦ ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಿಕೊಟ್ಟರು. ಮನೆ ಗಟ್ಟಿ, ರಸ್ತೆ ಅಗಲ, ಸಾಲು ನೇರ. ಆದರೆ ಹಳೆಯ ಓಣಿ ಹೋಯಿತು. ಕಟ್ಟೆಯ ಮಾತು, ಗೋಡೆಯಾಚೆಯ ಅತ್ತೆಯ ಕೂಗು ಹೋಯಿತು. ದುಃಖವನ್ನು ಹಂಚಿಕೊಳ್ಳುವ ನೆರೆಹೊರೆಯೇ ಚದುರಿದ ಮೇಲೆ ಗಟ್ಟಿ ಗೋಡೆ ಎಷ್ಟು ಸಮಾಧಾನ ಕೊಟ್ಟೀತು? ಇಂಜಿನಿಯರರನ್ನು ದೂರುವುದಕ್ಕಾಗಿ ಹೇಳುವ ಮಾತಲ್ಲ ಇದು; ಓಣಿಯೂ ಒಂದು ಔಷಧಾಲಯವೆಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಮಕ್ಕಳ ವಿಷಯದಲ್ಲಿ ಸಮಾಜದಿಂದ ಒಂದು ದೊಡ್ಡ ಕೆಲಸವಾಯಿತು. ಪುಣೆಯ ಶಾಂತಿಲಾಲ ಮುಥ್ಥಾ ಅವರ ನೇತೃತ್ವದಲ್ಲಿ ಭಾರತೀಯ ಜೈನ ಸಂಘಟನೆಯು ಭೂಕಂಪಪೀಡಿತ ಸುಮಾರು ೧,೨೦೦ ಮಕ್ಕಳನ್ನು ಪುಣೆಗೆ ಕರೆದೊಯ್ದು ವಸತಿ, ವಿದ್ಯೆಗಳ ಹೊಣೆ ಹೊತ್ತಿತು. ವಾಘೋಲಿಯ ವಿದ್ಯಾಕೇಂದ್ರ ಅದರಿಂದ ಬೆಳೆದದ್ದು. ಗಂಟೆ ಹೊಡೆದರೆ ಪಾಠ, ಗಂಟೆ ಹೊಡೆದರೆ ಊಟ, ಜೊತೆಗೆ ತನ್ನಂತೆಯೇ ಕಳೆದುಕೊಂಡ ಗೆಳೆಯರು. ದಿನಚರಿ ಮರಳಿ ಸಿಕ್ಕುವುದೇ ಮಗುವಿಗೆ ಅರ್ಧ ಚಿಕಿತ್ಸೆ.

ಇನ್ನು ಒಂದು ಮಾತನ್ನು ಬಸದಿಯ ಅಂಗಳದಲ್ಲಿಯೇ ಆಡಬೇಕು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕುಳಿತು, "ಪೂರ್ವಕರ್ಮದ ಉದಯ, ಅತ್ತರೆ ಆರ್ತಧ್ಯಾನ, ಪಾಪಬಂಧ" ಎಂದು ಉಪದೇಶಿಸುವವರಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಇಷ್ಟವಿಯೋಗದ ಚಿಂತೆಯನ್ನು ಆರ್ತಧ್ಯಾನದಲ್ಲಿ ಎಣಿಸಿರುವುದು ನಿಜ. ಆದರೆ ಆರ್ತಧ್ಯಾನವು ಅವ್ರತಿಗೆ, ಅಣುವ್ರತಿಗೆ ಮಾತ್ರವಲ್ಲದೆ ಪ್ರಮತ್ತಸಂಯತನಾದ ಮುನಿಗೂ ಉಂಟಾಗುತ್ತದೆಂದು ಅದೇ ಅಧ್ಯಾಯದಲ್ಲಿ ಹೇಳಿದ್ದಾರೆ. ಮಹಾವ್ರತಿಯನ್ನೂ ಬಿಡದ ದುಃಖಕ್ಕೆ ಗೃಹಸ್ಥಳೊಬ್ಬಳನ್ನು ಗದರಿಸುವ ಅಧಿಕಾರ ಯಾರಿಗಿದೆ? ಕರ್ಮಸಿದ್ಧಾಂತವು ತನ್ನನ್ನು ತಿದ್ದಿಕೊಳ್ಳುವುದಕ್ಕೆ ಇರುವುದು. ಪರರ ಗಾಯಕ್ಕೆ ಉಪ್ಪು ಹಚ್ಚುವುದಕ್ಕಲ್ಲ. ಅಂಥ ಮನೆಗೆ ಹೋದವರು ಸುಮ್ಮನೆ ಕುಳಿತಿದ್ದು, ನೀರು ತಂದುಕೊಟ್ಟು, ಎಳೆಯರಿಗೆ ಉಣಿಸಿ, ಮೂರನೆಯ ತಿಂಗಳಲ್ಲಿಯೂ ಮತ್ತೆ ಹೋದರೆ ವೈಯಾವೃತ್ತ್ಯವಾದೀತು. ಮೊದಲ ಹತ್ತು ದಿನ ಮನೆ ತುಂಬಾ ಜನ. ಆಮೇಲೆ ಯಾರೂ ಸುಳಿಯುವುದಿಲ್ಲ.

ಚಿಕಿತ್ಸೆ ಬೇಕಾದವರು ಬೆಂಗಳೂರಿನವರೆಗೆ ಅಲೆಯಬೇಕಾಗಿಲ್ಲ. ಬೀದರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ೨೦೨೨ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮನಸ್ ಸೇವೆಗೆ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಬಹುದು. ಹಗಲುರಾತ್ರಿ ಎನ್ನದೆ ಅಲ್ಲಿ ಕನ್ನಡದಲ್ಲಿಯೇ ಮಾತನಾಡುವವರಿದ್ದಾರೆ, ಹಣ ಕೊಡಬೇಕಾಗಿಲ್ಲ.